ಹಾಲು ಹಾಕುವ ಹೊತ್ತಿನ ಪಂಚಾಯಿತಿ ಸುದ್ದಿ: ನನ್ನ ಅನುಭವ

ಕಳೆದ ಸಲದ ವಾರ್ಡ್ ಸಭೆಗೆ ನಮ್ಮ ಊರಲ್ಲಿ 70ರ ಹತ್ತಿರ ಜನ ಸೇರಿದ್ದರು. ಕುರ್ಚಿ ಸಾಲದೆ ಅಂಗನವಾಡಿಯಿಂದ ಚಾಪೆ ತಂದು ಹಾಸಬೇಕಾಯಿತು. ಮೂರು ವರ್ಷದ ಹಿಂದೆ ಇದೇ ಸಭೆಗೆ ಬಂದವರು ಹನ್ನೊಂದೋ ಹನ್ನೆರಡೋ. ಉಳಿದ ಸಹಿಗಳನ್ನು ಮಾರನೇ ದಿನ ಪುಸ್ತಕ ಹಿಡಿದು ಮನೆ ಮನೆಗೆ ಬಂದು ಹಾಕಿಸಿಕೊಂಡು ಹೋಗಿದ್ದರು. ನಾನೂ ಹಾಕಿದ್ದೆ, ಒಲೆ ಮುಂದೆ ಕೂತೇ. ನಡುವೆ ನಾನು ಮಾಡಿದ್ದು ಇಷ್ಟೇ, ಪಂಚಾಯಿತಿ ಸುದ್ದಿಯನ್ನು ಊರಿಗೆ ಕಾಣುವ ಹಾಗೆ ಒಂದು ಕರಿಹಲಗೆ ಮೇಲೆ ಬರೆಯುತ್ತಾ ಬಂದದ್ದು.

"ನಿನ್ನ ಬೋರ್ಡು ಯಾರು ಓದ್ತಾರಮ್ಮ" ಅಂತ ನಕ್ಕವರಲ್ಲಿ ಇಬ್ಬರು ಮೊನ್ನೆ ಚಾಪೆ ಹಾಸುವುದಕ್ಕೆ ಕೈ ಹಾಕಿದರು. ಅದನ್ನು ನೋಡಿದ ಮೇಲೇ ಇದನ್ನು ಬರೆಯುವ ಹುಮ್ಮಸ್ಸು ಬಂದದ್ದು, ಸುಳ್ಳು ಯಾಕೆ ಹೇಳಲಿ.

ಜಮಾಬಂದಿ ಅಂದರೆ ಪಂಚಾಯಿತಿಯ ವರ್ಷದ ಲೆಕ್ಕ, ಕೆಲಸಗಳ ತಪಾಸಣೆ; ಕ್ರಿಯಾಯೋಜನೆ ಅಂದರೆ ಯಾವ ಕೆಲಸಕ್ಕೆ ಎಷ್ಟು ದುಡ್ಡು ಅನ್ನುವ ಪಟ್ಟಿ. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ನಿಮ್ಮ ಊರಲ್ಲಿ ಈ ಕೆಲಸಕ್ಕೆ ಕೈ ಹಾಕಿದ್ದರೆ ಅದೆಲ್ಲ ನಿಮಗೆ ಗೊತ್ತೇ ಇರುತ್ತದೆ. ನಮ್ಮದು ಬಯಲುಸೀಮೆ. ಊರಿನ ಹೆಸರು ಬೇಡ, ನಾಳೆ ನಾನು ಅದೇ ಪಂಚಾಯಿತಿ ಮೆಟ್ಟಿಲು ಹತ್ತಬೇಕು. ಸುಮಾರು 340 ಮನೆ, ನಾಲ್ಕು ಬೀದಿ, ಅರ್ಧ ಮೈಲಿ ದೂರದಲ್ಲಿ ಒಂದು ಹಟ್ಟಿ. ನನಗೆ ಎರಡು ಹಸು, ಒಂದಿಷ್ಟು ತೆಂಗು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಪತ್ರಿಕೆ! ಎ4 ಹಾಳೆಯ ಎರಡೂ ಕಡೆ ಟೈಪ್ ಮಾಡಿಸಿ, 150 ಪ್ರತಿ ಜೆರಾಕ್ಸ್ ಹೊಡೆಸಿ ವಾರಕ್ಕೊಮ್ಮೆ ಹಂಚುತ್ತಿದ್ದೆ. ಟೈಪಿಂಗ್ ಸೇರಿ ವಾರಕ್ಕೆ 350 ರೂಪಾಯಿ ಬೀಳುತ್ತಿತ್ತು. ಏಳು ವಾರ ನಡೆಸಿದೆ. ಹತ್ತಿರ ಹತ್ತಿರ 2,500 ರೂಪಾಯಿ ಹೋಯಿತು. ಎಂಟನೇ ವಾರ ಅಂಗಡಿಯಲ್ಲಿ ಕಡ್ಲೆಪುರಿ ಕಟ್ಟಿಸಿಕೊಂಡರೆ ಪೊಟ್ಟಣ ನನ್ನದೇ ಪತ್ರಿಕೆ. "ಸಾಮಾನ್ಯ ಸಭೆಯಲ್ಲಿ ಅನುಮೋದನೆ ನೀಡಲಾಯಿತು" ಅನ್ನೋ ಸಾಲಿನ ಮೇಲೆ ಎಣ್ಣೆ ಇಳಿದಿತ್ತು. ಅವತ್ತಿಗೆ ಪತ್ರಿಕೆ ಬಂದ್.

ಆಮೇಲೆ ವಾಟ್ಸಾಪ್ ಗ್ರೂಪು. ಇದರ ಕತೆ ನಿಮಗೆ ನಾನು ಹೇಳಬೇಕಾ? ಎರಡು ತಿಂಗಳಲ್ಲಿ ದಿನಕ್ಕೆ 40 ಶುಭೋದಯ, ಮೂರು ಪಕ್ಷದ ಜಗಳ, ಯಾರದೋ ಹುಟ್ಟುಹಬ್ಬ. ನೀರು ಬರಲ್ಲ ಅಂತ ನಾನು ಹಾಕಿದ ಒಂದು ಸಾಲು ಕೇಕಿನ ಫೋಟೋಗಳ ಕೆಳಗೆ ಹೂತು ಹೋಯಿತು. ಅಡ್ಮಿನ್ ನಾನಾದ್ದರಿಂದ ಬೈಗುಳ ಮಾತ್ರ ನೇರ ನನಗೆ. "ಎಲೆಕ್ಷನ್‌ಗೆ ನಿಲ್ತೀಯಾ" ಅಂತ ಕೇಳುವುದಕ್ಕೆ ಶುರು ಮಾಡಿದ್ದೂ ಆಗಲೇ. ನಮ್ಮ ಮನೆಯವರಂತೂ ಫೋನ್ ಒಗೆದುಬಿಡ್ತೀನಿ ಅಂದರು.

ಮೂರನೇದು ಕರಿಹಲಗೆ. ಪ್ಲೈವುಡ್, ಬಣ್ಣ, ಬಡಗಿ ಕೂಲಿ ಎಲ್ಲ ಸೇರಿ 1,800 ಆಯಿತು. ಅರಳಿಕಟ್ಟೆ ಪಕ್ಕ ನಿಲ್ಲಿಸಿದೆ. ಊರ ಮಧ್ಯೆ, ಪಂಚಾಯಿತಿ ಹತ್ತಿರ, ಎಲ್ಲರಿಗೂ ಕಾಣುತ್ತೆ ಅಂದುಕೊಂಡಿದ್ದೆ. ತಿಂಗಳಾದ ಮೇಲೆ ಸ್ತ್ರೀಶಕ್ತಿ ಸಂಘದ ಮೀಟಿಂಗಲ್ಲಿ "ಬೋರ್ಡ್ ನೋಡಿದ್ರಾ" ಅಂತ ಕೇಳಿದರೆ 17 ಜನರಲ್ಲಿ ಒಬ್ಬರೂ ನೋಡಿರಲಿಲ್ಲ. ಕಟ್ಟೆ ಹತ್ತಿರ ಕೂರುವವರು ಗಂಡಸರು. ಅಲ್ಲಿ ನಾಲ್ಕು ಜನ ಕೂತಿದ್ದರೆ ನಮ್ಮ ಹೆಂಗಸರು ಸೆರಗು ಎಳೆದುಕೊಂಡು ಬಿರಬಿರನೆ ದಾಟುತ್ತಾರೆ. ನಿಂತು ಓದುವುದು ಎಲ್ಲಿಂದ ಬಂತು? ನಾನೂ ಹೆಂಗಸೇ, ನನಗೇ ಇದು ಹೊಳೆದಿರಲಿಲ್ಲ ನೋಡಿ.

ಉತ್ತರ ನನ್ನ ಕೈಯಲ್ಲಿದ್ದ ಕ್ಯಾನಿನಲ್ಲೇ ಇತ್ತು. ಹಾಲಿನ ಡೇರಿ. ಬೆಳಿಗ್ಗೆ ಆರು, ಸಂಜೆ ಆರು. ಸ್ಯಾಂಪಲ್ ತೆಗೆದು, ಡಿಗ್ರಿ ನೋಡಿ, ಚೀಟಿ ಕೊಡುವ ತನಕ ಪ್ರತಿಯೊಬ್ಬರೂ ಹತ್ತು ನಿಮಿಷ ಸುಮ್ನೆ ನಿಂತಿರುತ್ತಾರೆ. ಗಂಡಸು, ಹೆಂಗಸು, ಮಕ್ಕಳು, ಎಲ್ಲ ಬೀದಿಯವರು. ಕಣ್ಣಿಗೆ ಕೆಲಸವಿಲ್ಲ, ಎದುರಿಗೆ ಖಾಲಿ ಗೋಡೆ. ಬೋರ್ಡನ್ನು ಅಲ್ಲಿ ಹಾಕಲು ಡೇರಿ ಕಾರ್ಯದರ್ಶಿಯನ್ನು ಒಪ್ಪಿಸುವುದಕ್ಕೆ ಮೂರು ವಾರ ಹಿಡಿಯಿತು. "ರಾಜಕೀಯ ಬರೆದರೆ ಅವತ್ತೇ ಕಿತ್ತು ಹಾಕ್ತೀನಿ" ಅನ್ನೋ ಷರತ್ತಿನ ಮೇಲೆ ಒಪ್ಪಿದರು.

ಆದರೂ ಮೊದಲ ವಾರ ಜನ ಓದಲಿಲ್ಲ. ಯಾಕೆ ಅಂದರೆ ನಾನು ಬರೆದದ್ದು ಪಂಚಾಯಿತಿ ಭಾಷೆ. "15ನೇ ಹಣಕಾಸು ಅನುದಾನದಡಿ ಚರಂಡಿ ಕಾಮಗಾರಿಗೆ ಕ್ರಿಯಾಯೋಜನೆ ಅನುಮೋದಿಸಲಾಗಿದೆ." ಮುಂದಿನ ವಾರ ಅದನ್ನೇ ಅಳಿಸಿ ಹೀಗೆ ಬರೆದೆ: "ಮಾರಮ್ಮನ ಗುಡಿ ಬೀದಿ ಚರಂಡಿಗೆ 1 ಲಕ್ಷ 80 ಸಾವಿರ. ಇನ್ನೂ ಶುರುವಾಗಿಲ್ಲ." ಸಂಜೆ ಹಾಲು ಹಾಕುವ ಹೊತ್ತಿಗೆ ಗುಡಿ ಬೀದಿಯವರು ಪಂಚಾಯಿತಿ ಸದಸ್ಯರನ್ನು ಕ್ಯೂನಲ್ಲೇ ಹಿಡಿದುಕೊಂಡಿದ್ದರು.

ಈಗ ಬೋರ್ಡ್ ಹೀಗಿರುತ್ತದೆ. ಮೇಲುಗಡೆ ದಪ್ಪಕ್ಷರದಲ್ಲಿ ನೀರು, ಯಾವ ಬೀದಿಗೆ ಯಾವತ್ತು ಅಂತ. ಅದರ ಕೆಳಗೆ ಕರೆಂಟು, ತ್ರೀ ಫೇಸ್ ಈ ವಾರ ಹಗಲು ಪಾಳಿಯೋ ರಾತ್ರಿ ಪಾಳಿಯೋ. ನಿಜ ಹೇಳಬೇಕೆಂದರೆ ಜನ ಬರುವುದು ಇವೆರಡಕ್ಕೇ. ಮಧ್ಯದಲ್ಲಿ ಪಂಚಾಯಿತಿ ಸುದ್ದಿ ಒಂದೇ ಒಂದು. ಎರಡು ಹಾಕಿದರೆ ಎರಡೂ ಓದುವುದಿಲ್ಲ, ಪರೀಕ್ಷೆ ಮಾಡಿ ನೋಡಿದ್ದೇನೆ. ತಳದಲ್ಲಿ ಕೊನೇ ದಿನಾಂಕಗಳು. ಗೃಹಲಕ್ಷ್ಮಿ ದುಡ್ಡು ಯಾವಾಗ ಅಂತ ದಿನಾ ಕೇಳುತ್ತಾರೆ. ಅದು ಪಂಚಾಯಿತಿ ಕೈಯಲ್ಲಿಲ್ಲ, ನನಗೂ ಗೊತ್ತಿಲ್ಲ, ಹಾಗಾಗಿ ಬರೆಯುವುದಿಲ್ಲ.

ಕೆಲವು ಸಾಲು ನಾನೇ ಎಣಿಸದಷ್ಟು ಕೆಲಸ ಮಾಡಿವೆ. 2025ರ ಏಪ್ರಿಲ್‌ನಲ್ಲಿ ನರೇಗಾ (ಉದ್ಯೋಗ ಖಾತ್ರಿ) ದಿನಗೂಲಿ 349ರಿಂದ 370 ರೂಪಾಯಿ ಆಯಿತಲ್ಲ, ಅದನ್ನು ಬರೆದ ಸಂಜೆಯೇ ಹಟ್ಟಿಯ ಹೆಂಗಸರು ಕೂಲಿಯವರ ಹಾಜರಿ ಹಾಕುವ ಮೇಟ್ ಹತ್ತಿರ ಹೋಗಿ ಲೆಕ್ಕ ಕೇಳಿದ್ದರು. ಇನ್ನೊಂದು ಸಲ, 15ನೇ ಹಣಕಾಸಿನ, ಅಂದರೆ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರದಿಂದ ಪಂಚಾಯಿತಿಗೆ ಬರುವ ದುಡ್ಡಿನ, ನೂರು ರೂಪಾಯಿಯಲ್ಲಿ 60 ನೀರು ಮತ್ತು ಸ್ವಚ್ಛತೆಗೇ ಮೀಸಲು ಅಂತ ಬರೆದೆ. ಮುಂದಿನ ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು ನಿಂತು "ನಮ್ಮ ಅರವತ್ತು ಎಲ್ಲಪ್ಪಾ?" ಅಂದರು. ಸಭೆಗೆ ಸಭೆಯೇ ನಕ್ಕಿತು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮಾತ್ರ ಫೈಲು ತೆಗೆಸಿದರು.

ಬೋರ್ಡಿನ ವಿಷಯಕ್ಕೆ ಬಂದರೆ, ನಡುವೆ ಹುಚ್ಚು ಹಿಡಿದು ಬಿಳಿ ಬೋರ್ಡು ತಂದೆ. 2,200 ದಂಡ. ಮಾರ್ಕರ್ ಬಿಸಿಲಿಗೆ ಒಣಗುತ್ತದೆ, ಬರೆದದ್ದು ಹತ್ತು ದಿನ ಬಿಟ್ಟರೆ ಅಳಿಸುವುದಕ್ಕೇ ಬರುವುದಿಲ್ಲ. ಒಂದು ಸಲ "ನೀರು ಇಲ್ಲ" ಅನ್ನುವುದು ಅಂಟಿಕೊಂಡು ಕೂತು ಮೂರು ದಿನ ಊರನ್ನೇ ಹೆದರಿಸಿತು. ವಾಪಸ್ ಕರಿಹಲಗೆ. ಸೀಮೆಸುಣ್ಣವನ್ನು ರಾತ್ರಿ ಸಕ್ಕರೆ ನೀರಲ್ಲಿ ಅದ್ದಿಟ್ಟು, ಹಸಿ ಇರುವಾಗಲೇ ಬರೆಯಿರಿ. ಅಕ್ಷರ ಎದ್ದು ಕಾಣುತ್ತದೆ, ಕೈ ತಾಗಿದರೆ ಬೇಗ ಅಳಿಯುವುದಿಲ್ಲ. ಇರುವೆ ಬರುತ್ತದೆ. ಅದಕ್ಕೂ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಇನ್ನು ನನ್ನ ಮಾನ ಹೋದ ಕತೆ. ಇ-ಸ್ವತ್ತು (ಮನೆ, ಸೈಟಿನ ಖಾತೆ ದಾಖಲೆ) ಅರ್ಜಿಗೆ ಸೋಮವಾರ ಕ್ಯಾಂಪ್ ಅಂತ ಯಾರೋ ಹೇಳಿದರು. ಹೇಳಿದವರು ಕಚೇರಿ ಒಳಗಿನವರೇ, ಹಾಗಾಗಿ ನಂಬಿ ಬರೆದೆ. ಸೋಮವಾರ 30 ಜನ ಕೂಲಿ ಬಿಟ್ಟು ದಾಖಲೆ ಹಿಡಿದು ಬಂದರು. ಕ್ಯಾಂಪ್ ಮುಂದಕ್ಕೆ ಹೋಗಿತ್ತು. ಒಬ್ಬಳು ಮಗು ಎತ್ತಿಕೊಂಡು ಹಟ್ಟಿಯಿಂದ ನಡೆದು ಬಂದಿದ್ದಳು. ಅವಳು ಏನೂ ಬೈಯಲಿಲ್ಲ. ಬೋರ್ಡ್ ನೋಡಿದಳು, ನನ್ನ ನೋಡಿದಳು, ಹೋದಳು. ಮಾರನೇ ದಿನ ಪೂರ್ತಿ ಹಲಗೆಯಲ್ಲಿ ಒಂದೇ ಸಾಲು ಬರೆದೆ: "ಸೋಮವಾರದ ಕ್ಯಾಂಪ್ ಸುದ್ದಿ ತಪ್ಪು. ತಪ್ಪು ನನ್ನದು." ಒಂದು ವಾರ ಅಳಿಸಲಿಲ್ಲ. ಅಂತೆ ಕಂತೆಗಳಿಗೆ ಅವತ್ತಿನಿಂದ ಜಾಗವಿಲ್ಲ. ಸಹಿ, ತಾರೀಖು ಇರುವ ಕಾಗದ ಕಣ್ಣಿಂದ ನೋಡದೆ ಒಂದಕ್ಷರ ಬರೆಯುವುದಿಲ್ಲ.

ಬೀದಿ ದೀಪದ ಪ್ರಕರಣ ಇದಕ್ಕಿಂತ ಸ್ವಲ್ಪ ಸಿಕ್ಕು. ಪಂಚಾಯಿತಿ ಲೆಕ್ಕ ತೋರಿಸುವ ಸರ್ಕಾರಿ ವೆಬ್‌ಸೈಟ್ ಇ-ಗ್ರಾಮಸ್ವರಾಜ್‌ನಲ್ಲಿ ಪಾವತಿ ವಿವರ ನೋಡುತ್ತಿದ್ದಾಗ ನಮ್ಮ ಊರಿನ ಎಲ್‌ಇಡಿ ದೀಪಗಳ ಬಿಲ್ ಕಣ್ಣಿಗೆ ಬಿತ್ತು. 14 ದೀಪ. ರಾತ್ರಿ ಮಗನನ್ನು ಕರೆದುಕೊಂಡು ನಾಲ್ಕೂ ಬೀದಿ ಸುತ್ತಿದೆ. ಹೊಸದು ಒಂಬತ್ತು. ನಾನು ಯಾರ ಮೇಲೂ ಆರೋಪ ಮಾಡಲಿಲ್ಲ, ಬರೀ ಲೆಕ್ಕ ಬರೆದೆ: "ಬೀದಿ ದೀಪ: ಬಿಲ್‌ನಲ್ಲಿ 14. ನಿನ್ನೆ ರಾತ್ರಿ ಉರಿದದ್ದು 9." ಬೆಳಗಾಗುವಷ್ಟರಲ್ಲಿ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಮತ್ತೆ ಬರೆದೆ, ಮತ್ತೆ ಒರೆಸಿದರು. ಮೂರನೇ ಸಲ ಬರೆದಾಗ ಹಾಲು ಹಾಕಲು ಬಂದವರೇ ಫೋಟೋ ಹೊಡೆದುಕೊಂಡರು, ಒರೆಸಿದ್ದು ವ್ಯರ್ಥವಾಯಿತು.

ಆದರೆ ಲೆಕ್ಕದಲ್ಲಿ ನಾನೂ ಎಡವಿದ್ದೆ. ಮೂರು ದೀಪ ಹಟ್ಟಿಯಲ್ಲಿದ್ದವು. ರಾತ್ರಿ ಅಷ್ಟು ದೂರ ಯಾರು ಹೋಗ್ತಾರೆ ಅಂತ ಬಿಟ್ಟಿದ್ದೆ. ಗೊತ್ತಾದ ಸಂಜೆಯೇ "9 ಅಲ್ಲ, 12" ಅಂತ ತಿದ್ದಿದೆ. ಉಳಿದ ಎರಡು ದೀಪ ಹತ್ತು ದಿನದಲ್ಲಿ ಕಂಬ ಹತ್ತಿದವು. ಎಲ್ಲಿದ್ದವೋ, ಯಾರ ಮನೆಯಲ್ಲಿದ್ದವೋ, ಕೇಳಲಿಲ್ಲ. ಹಟ್ಟಿಯವರು ಮಾತ್ರ ಇವತ್ತಿಗೂ ಅಣಕಿಸುತ್ತಾರೆ, "ನಿಮ್ಮ ಬೋರ್ಡಲ್ಲಿ ನಮ್ಮ ಹಟ್ಟಿ ಊರೇ ಅಲ್ವಾ?" ಅಂತ. ಅದಕ್ಕೇ ಅಲ್ಲಿ ಎರಡನೇ ಹಲಗೆ ಹಾಕಿಸಿದೆ. ಹಳೇ ತಗಡಿಗೆ ಕಪ್ಪು ಬಣ್ಣ ಹೊಡೆದದ್ದು, 300 ರೂಪಾಯಿ ಒಳಗೇ ಮುಗಿಯಿತು. ಅಲ್ಲಿ ಬರೆಯುವವಳು ಒಂಬತ್ತನೇ ಕ್ಲಾಸಿನ ಹುಡುಗಿ, ಅಕ್ಷರ ನನಗಿಂತ ಚೆಂದ.

ಇದರ ಜೊತೆ ಒಂದು ಮೋಜಿನ ಪ್ರಯೋಗವೂ ನಡೆಯಿತು. ಮನೆ ಮನೆಗೆ ನಲ್ಲಿ ಬಂದ ಮೇಲೆ ಮೇಲಿನ ಬೀದಿಯವರದು ಒಂದೇ ಗೋಳು, ನೀರು ಸಣ್ಣಗೆ ಬರುತ್ತೆ. ಸಣ್ಣಗೆ ಅಂದರೆ ಎಷ್ಟು? ನಾಲ್ಕು ಮಕ್ಕಳಿಗೆ ಒಂದೊಂದು ಬೀದಿ ಕೊಟ್ಟು, ಒಂದೇ ಅಳತೆಯ ಬಿಂದಿಗೆ ತುಂಬಲು ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ಎಣಿಸಲು ಹೇಳಿದೆ. ಕೆಳಗಿನ ಬೀದಿ 50 ಸೆಕೆಂಡು. ಗುಡಿ ಬೀದಿ ಒಂದೂವರೆ ನಿಮಿಷ. ಮೇಲಿನ ಬೀದಿ ನಾಲ್ಕೂವರೆ ನಿಮಿಷ! ಈ ನಲ್ಲಿ ಹಾಕಿಸಿದ ಜಲಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇದೆ. ನೀರು ಬಿಡುವುದೇ ಒಂದು ಗಂಟೆ, ಐದು ಜನರ ಮನೆಗೆ ಎಲ್ಲಿ ಸಾಲಬೇಕು? ನಾಲ್ಕೂ ಅಂಕಿ ಬೋರ್ಡಿಗೆ ಹಾಕಿದೆ. ನೀರುಗಂಟಿ ಮುಖ ಊದಿಸಿಕೊಂಡು ಎರಡು ದಿನ ಮಾತಾಡಿಸಲಿಲ್ಲ. ಮೂರನೇ ದಿನ ತಾನೇ ವಾಲ್ವ್ ತಿರುಗಿಸಿ, "ಈಗ ಅಳೀರಿ" ಅಂದ. ಎರಡು ನಿಮಿಷ ಹತ್ತು ಸೆಕೆಂಡು. ಅವನ ಹೆಸರು ಹಾಕಿ ಅದನ್ನೂ ಬರೆದೆ. ಈಗ ನೀರಿನ ಸುದ್ದಿ ಮೊದಲು ತಂದು ಹೇಳುವವನೇ ಅವನು.

ದೇವಸ್ಥಾನದ ಮೈಕಿನಲ್ಲೂ ಪ್ರಯತ್ನಿಸಿದೆ. ಗೋಡೆಗೆ ಬಡಿದು ಮಾತು ಎರಡೆರಡಾಗಿ ಕೇಳುತ್ತಿತ್ತು, ನಾಯಿಗಳು ಬೊಗಳಿದವು, ಬಿಟ್ಟೆ. ಕಸದ ಗಾಡಿಯ ಸ್ಪೀಕರ್ ಚೆನ್ನಾಗಿತ್ತು. ಓಡಿಸುವ ಹುಡುಗಿಯೂ ಒಪ್ಪಿದ್ದಳು, ಮೇಲಿಂದ ಅಪ್ಪಣೆ ಸಿಗಲಿಲ್ಲ. ಓದಲು ಬಾರದವರಿಗೆ ಅಂತ ಈಗ ಒಂದೂವರೆ ನಿಮಿಷದ ಧ್ವನಿ ಸಂದೇಶ ಮಾಡುತ್ತೇನೆ. ಗ್ರೂಪಿಗೆ ಅಲ್ಲ, ಬ್ರಾಡ್‌ಕಾಸ್ಟ್ ಪಟ್ಟಿಗೆ. ಜಗಳ ಇಲ್ಲ, ಕೇಕ್ ಇಲ್ಲ. ಒಂದು ಪಟ್ಟಿಗೆ 256 ಜನ ಅಷ್ಟೇ, ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ಗೊತ್ತಿಲ್ಲದೆ ಮೊದಲ ತಿಂಗಳು ಗಾಳಿಗೆ ಮಾತಾಡಿದ್ದೆ. ಆಮೇಲೆ ಡೇರಿ ಬಟವಾಡೆ ದಿನ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಫೋನಲ್ಲಿ ನನ್ನ ನಂಬರು ಹಾಕಿಕೊಟ್ಟೆ. ದುಡ್ಡು ಕೈಗೆ ಬಂದ ದಿನ ಯಾರೂ ಇಲ್ಲ ಅನ್ನುವುದಿಲ್ಲ.

ಕಾಗದ ಎಲ್ಲಿಂದ ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ವರ್ಷ ಮಾಹಿತಿ ಹಕ್ಕಿನಲ್ಲೇ ಎಳೆದೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನನ್ನ ಮೊದಲ ಅರ್ಜಿ ಪುರಾಣದ ಹಾಗಿತ್ತು, ವಾಪಸ್ ಬಂತು. ಎರಡನೇದಕ್ಕೆ 46 ಪುಟ ಸಿಕ್ಕಿತು, ಆದರೆ 30 ದಿನ ಕಾಯಬೇಕು. ಅಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಈಗ ಸಭೆಯಾದ ಎರಡೋ ಮೂರೋ ದಿನಕ್ಕೆ ನಡಾವಳಿ (ಸಭೆಯ ತೀರ್ಮಾನ ಬರೆದ ಕಾಗದ) ಪ್ರತಿ ಕೈಗೆ ಬರುತ್ತದೆ, ನೇರ ದಾರಿಯಲ್ಲೇ, ಲಂಚ ಗಿಂಚ ಇಲ್ಲ. ಹೇಗೆ ಅಂತ ಬರೆದರೆ ನಾಳೆ ನಿಂತುಹೋಗುತ್ತದೆ, ಅದಕ್ಕೆ ಬರೆಯುವುದಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವಾಗ ಯಾವ ಮನೆಯನ್ನೂ ಬಿಡಬೇಡಿ, ಅಷ್ಟು ಹೇಳಬಹುದು.

ಇಲ್ಲಿಯವರೆಗೆ ನನ್ನ ಕೈಯಿಂದ ಎಂಟೋ ಒಂಬತ್ತೋ ಸಾವಿರ ಹೋಗಿರಬಹುದು, ಅರ್ಧಕ್ಕಿಂತ ಜಾಸ್ತಿ ಮೊದಲ ವರ್ಷದ ದಡ್ಡತನಕ್ಕೆ. ಈಗ ಸೀಮೆಸುಣ್ಣ, ಜೆರಾಕ್ಸ್, ರೀಚಾರ್ಜ್ ಸೇರಿ ತಿಂಗಳಿಗೆ 150 ದಾಟುವುದಿಲ್ಲ. ಒಬ್ಬರು ಗುತ್ತಿಗೆದಾರರು ಹೊಸ ಬೋರ್ಡ್ ಮಾಡಿಸಿಕೊಡ್ತೀನಿ, ಮೂಲೆಯಲ್ಲಿ ಹೆಸರು ಹಾಕಿ ಅಂದರು. ಕೈ ಮುಗಿದೆ.

ಬಡವರಿಗೆ ಮನೆ ಕಟ್ಟಿಕೊಳ್ಳಲು ಸರ್ಕಾರ ದುಡ್ಡು ಕೊಡುವ ಬಸವ ವಸತಿ ಯೋಜನೆಯ ಮನೆಗಳ ಪಟ್ಟಿ ಗ್ರಾಮ ಸಭೆಯಲ್ಲೇ ಆಯ್ಕೆಯಾಗಬೇಕು, ಅದಕ್ಕೆ ಮೊದಲು ವಾರ್ಡ್ ಸಭೆಯಲ್ಲಿ ಹೆಸರು ಬರಬೇಕು ಅಂತ ಎಂಟು ದಿನ ಮೊದಲೇ ಬರೆದದ್ದರಿಂದ ಆ 70 ಜನ ಬಂದದ್ದು. ನನ್ನ ಮೇಲಿನ ಪ್ರೀತಿಗಲ್ಲ, ಗೊತ್ತು. ಮನೆ ವಿಷಯ ಮುಗಿದ ಮೇಲೂ 50 ಜನ ಎದ್ದು ಹೋಗದೆ ಕೂತಿದ್ದರು, ಅದು ನನಗೆ ಲೆಕ್ಕ.

ಪಕ್ಕದ ಊರಿನವರು ಬೋರ್ಡ್ ಅಳತೆ ಕೇಳಿಕೊಂಡು ಬಂದಿದ್ದರು. ನಾಲ್ಕಡಿ ಆರಡಿ. ಅವರಲ್ಲಿ ಡೇರಿ ಇಲ್ಲವಂತೆ, ನ್ಯಾಯಬೆಲೆ ಅಂಗಡಿ ಮುಂದೆ ಹಾಕ್ತೀವಿ ಅಂದರು. ತಿಂಗಳಿಗೆ ನಾಲ್ಕು ದಿನದ ಕ್ಯೂ ಅದು, ಸಾಲುತ್ತಾ ಅಂತ ನನಗೆ ಅನುಮಾನ. ನೋಡೋಣ.

ಇವತ್ತು ಸಂಜೆಯ ಹಲಗೆಯಲ್ಲಿ ಮಧ್ಯದ ಜಾಗ ಖಾಲಿ ಇದೆ. ಶಾಲೆ ಕಾಂಪೌಂಡಿಗೆ ದುಡ್ಡು ಮಂಜೂರಾಗಿದೆ ಅಂತ ಮೂರು ಜನ ಬಂದು ಹೇಳಿದರು. ಕಾಗದ ಇನ್ನೂ ಬಂದಿಲ್ಲ.