ಹಿಪ್ ಹಾಪ್ ಲೇಬಲ್‌ನಲ್ಲಿ ಎಕ್ಸಿಕ್ಯುಟಿವ್ ಆಗಬೇಕೆಂದರೆ ಮೊದಲು ಲೆಕ್ಕ ಕಲಿಯಿರಿ

ಹಿಪ್ ಹಾಪ್ ರೆಕಾರ್ಡ್ ಲೇಬಲ್‌ನ, ಅಂದರೆ ಹಾಡುಗಳನ್ನು ಮುದ್ರಿಸಿ ಬಿಡುಗಡೆ ಮಾಡುವ ಕಂಪನಿಯ, ಎಕ್ಸಿಕ್ಯುಟಿವ್ ಎಂದೊಡನೆ ಬಹಳಷ್ಟು ಮಂದಿಯ ಕಣ್ಣಮುಂದೆ ಬರುವುದು ಸ್ಟುಡಿಯೊದ ಸೋಫಾದಲ್ಲಿ ಕುಳಿತು, ತಲೆದೂಗುತ್ತ, ಯಾವ ಹಾಡು ಗೆಲ್ಲುತ್ತದೆಂದು ತೀರ್ಪು ಕೊಡುವ ವ್ಯಕ್ತಿ. ಅಂಥ ಗಳಿಗೆಗಳು ಈ ವೃತ್ತಿಯಲ್ಲಿ ಇಲ್ಲವೆಂದಲ್ಲ. ಆದರೆ ಒಳ್ಳೆಯ ಕಿವಿಯುಳ್ಳವರಿಗೆ ಅಮೆರಿಕದ ಯಾವ ನಗರದಲ್ಲೂ ಕೊರತೆಯಿಲ್ಲ, ಅವರಲ್ಲಿ ಬಹುಪಾಲು ಜನ ಅಭಿಮಾನಿಗಳಾಗಿಯೇ ಉಳಿಯುತ್ತಾರೆ. ದುಡ್ಡಿನ ವಿಚಾರದಲ್ಲಿ ಕಲಾವಿದರು ಯಾರ ಮಾತನ್ನು ನಂಬುತ್ತಾರೋ, ಮತ್ತು ಆ ಮಾತನ್ನು ಒಪ್ಪಂದದ ಭಾಷೆಯಲ್ಲಿ ಕರಾರುವಾಕ್ಕಾಗಿ ಬರೆಸಲು ಯಾರಿಗೆ ಬರುತ್ತದೋ, ಅವರು ಈ ಉದ್ಯಮದಲ್ಲಿ ಮೇಲೇರುತ್ತಾರೆ. ಆದ್ದರಿಂದ ಸಂಗೀತದ ಅಭಿರುಚಿ ನಿಮಗೆ ಈಗಾಗಲೇ ಇದೆ ಎಂದು ಭಾವಿಸಿಕೊಂಡು, ಉಳಿದದ್ದನ್ನು ಕಲಿಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಒಳಗೆ ಹೋಗುವ ಬಾಗಿಲು

ಈ ಹುದ್ದೆಗೆ ನಿಗದಿತ ವಿದ್ಯಾರ್ಹತೆ ಎಂಬುದಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಲೈವ್ ಡೇವಿಸ್ ಇನ್‌ಸ್ಟಿಟ್ಯೂಟ್‌ನಂಥ ಕಡೆ ಸಂಗೀತೋದ್ಯಮವನ್ನೇ ಕಲಿಸುವ ಪದವಿಗಳಿವೆ, ಕಾನೂನು ಪದವಿ ಇದ್ದವರಿಗೆ ಒಪ್ಪಂದಗಳನ್ನು ನೋಡಿಕೊಳ್ಳುವ ಬಿಸಿನೆಸ್ ಅಫೇರ್ಸ್ ವಿಭಾಗದ ಬಾಗಿಲು ಸುಲಭವಾಗಿ ತೆರೆಯುತ್ತದೆ. ಆದರೂ ಹೆಸರು ಮಾಡಿದವರ ಹಾದಿಯನ್ನು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಸಿಲ್ವಿಯಾ ರೋನ್ ವಾರ್ಟನ್ ಬಿಸಿನೆಸ್ ಸ್ಕೂಲಿನ ಪದವಿಯನ್ನೂ ಬ್ಯಾಂಕಿನ ಕೆಲಸವನ್ನೂ ಹಿಂದೆ ಬಿಟ್ಟು, 1974ರಲ್ಲಿ ಬುಡ್ಡಾ ರೆಕಾರ್ಡ್ಸ್‌ನಲ್ಲಿ ಸೆಕ್ರೆಟರಿಯಾಗಿ ಸೇರಿಕೊಂಡರು. 1994ರಲ್ಲಿ ಎಲೆಕ್ಟ್ರಾ ಲೇಬಲ್‌ನ ಮುಖ್ಯಸ್ಥೆಯಾದರು, 2019ರಲ್ಲಿ ಎಪಿಕ್‌ನ ಚುಕ್ಕಾಣಿ ಹಿಡಿದರು. ಕೆವಿನ್ ಲೈಲ್ಸ್ 1991ರಲ್ಲಿ ಡೆಫ್ ಜಾಮ್‌ನ ಇಂಟರ್ನ್ ಆಗಿದ್ದವರು, ದಶಕ ತುಂಬುವ ಮೊದಲೇ ಅದೇ ಸಂಸ್ಥೆಯ ಅಧ್ಯಕ್ಷರಾದರು. ಲಿಯೋರ್ ಕೋಹೆನ್ ರನ್-ಡಿಎಂಸಿ ತಂಡದ ರೋಡ್ ಮ್ಯಾನೇಜರ್ ಆಗಿದ್ದರು. ಟಾಮಿ ಬಾಯ್ ಲೇಬಲ್‌ನಲ್ಲಿ ಡಿ ಲಾ ಸೋಲ್ ತಂಡದೊಂದಿಗೆ ಕೆಲಸ ಮಾಡಿದ ಡಾಂಟೆ ರಾಸ್ ಅದಕ್ಕೂ ಮೊದಲು ಲಕೋಟೆ ಹೊತ್ತು ತಿರುಗುವ ಮೆಸೆಂಜರ್, ಮುಂದೆ ವಯೊಲೇಟರ್ ಸಂಸ್ಥೆ ಕಟ್ಟಿದ ಕ್ರಿಸ್ ಲೈಟಿ ಡಿಜೆ ರೆಡ್ ಅಲರ್ಟ್ ಅವರ ರೆಕಾರ್ಡ್ ಪೆಟ್ಟಿಗೆಗಳನ್ನು ಹೊರುತ್ತಿದ್ದ ಹುಡುಗ. ಇವರೆಲ್ಲರೂ ತೀರ್ಮಾನಗಳು ಆಗುವ ಕೋಣೆಗೆ ಹತ್ತಿರವಿದ್ದ ಯಾವುದೋ ಸಣ್ಣ ಕೆಲಸವನ್ನು ಹಿಡಿದು, ಅಲ್ಲಿ ಯಾರು ಯಾರಿಗೆ ಏನು ಕೊಟ್ಟರು, ಏಕೆ ಕೊಟ್ಟರು ಎಂಬುದನ್ನು ಗಮನಿಸಿದವರು.

ಇಂದು ಆ ಸಣ್ಣ ಕೆಲಸಗಳ ರೂಪ ಬದಲಾಗಿದೆ. ಸಂಬಳವಿಲ್ಲದ ಇಂಟರ್ನ್‌ಶಿಪ್‌ಗಳ ಕಾರಣಕ್ಕೆ ದೊಡ್ಡ ಲೇಬಲ್‌ಗಳೇ ಕೋರ್ಟ್ ಮೆಟ್ಟಿಲೇರಬೇಕಾಯಿತು. ಹಾಗಾಗಿ ಪುಕ್ಕಟೆ ದುಡಿಮೆಯನ್ನೇ ಅವಕಾಶವೆಂದು ಕರೆಯುವ ಕಡೆ ಎಚ್ಚರದಿಂದಿರಿ. ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ದೊಡ್ಡ ಸಮೂಹಗಳ ಒಳಗೆ ಡೇಟಾ ವಿಶ್ಲೇಷಕರಾಗಿ ಅಥವಾ ಕಲಾವಿದರನ್ನು ಹುಡುಕಿ ಬೆಳೆಸುವ ಎ ಅಂಡ್ ಆರ್ ವಿಭಾಗದ ಸಮನ್ವಯಕಾರರಾಗಿ ಸೇರುವುದು ಒಂದು ದಾರಿ. ಒಬ್ಬ ಹೊಸ ಕಲಾವಿದನ ಮ್ಯಾನೇಜರ್ ಆಗಿ, ಆತ ಬೆಳೆದಂತೆ ತಾವೂ ಬೆಳೆಯುವುದು ಇನ್ನೊಂದು ದಾರಿ, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಕಲಿಸುವುದೂ ಅದೇ. ಮೇಜಿನ ಆ ಬದಿಯಲ್ಲಿ ಒಮ್ಮೆ ಕುಳಿತು ರಾಯಲ್ಟಿ ಪಟ್ಟಿ ಓದಿದವರಿಗೆ ಲೇಬಲ್‌ನ ಬದಿಯಲ್ಲಿ ಕುಳಿತಾಗ ಕಲಾವಿದರ ಅನುಮಾನ ಎಲ್ಲಿಂದ ಹುಟ್ಟುತ್ತದೆಂದು ಬಿಡಿಸಿ ಹೇಳಬೇಕಾಗುವುದಿಲ್ಲ.

ಊರಿನ ಆಯ್ಕೆಯೂ ಮುಖ್ಯ. ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್‌ನಲ್ಲಿ ಕೇಂದ್ರ ಕಚೇರಿಗಳಿವೆ. ಅಟ್ಲಾಂಟಾದಲ್ಲಿ 1989ರ ಲಾಫೇಸ್‌ನಿಂದ 2013ರ ಕ್ವಾಲಿಟಿ ಕಂಟ್ರೋಲ್‌ವರೆಗೆ ಲೇಬಲ್ ಕಟ್ಟುವ ಪರಂಪರೆಯೇ ಇದೆ, ಮತ್ತು ಅಲ್ಲಿ ಕ್ಲಬ್ ಡಿಜೆಗಳ ಪರಿಚಯ ಇಂದಿಗೂ ಬೆಲೆಬಾಳುತ್ತದೆ.

ರಿಕೂಪ್‌ಮೆಂಟ್: ಕಲಿಯಲೇಬೇಕಾದ ಲೆಕ್ಕ

ಲೇಬಲ್ ಒಪ್ಪಂದದ ಹೃದಯವಿರುವುದು ಮುಂಗಡ ಮತ್ತು ಅದರ ವಸೂಲಾತಿಯಲ್ಲಿ, ಅಂದರೆ ರಿಕೂಪ್‌ಮೆಂಟ್‌ನಲ್ಲಿ. ಉದಾಹರಣೆಗೆ ಒಂದು ಕಾಲ್ಪನಿಕ ಒಪ್ಪಂದವನ್ನು ತೆಗೆದುಕೊಳ್ಳೋಣ. ಕಲಾವಿದರಿಗೆ 2 ಲಕ್ಷ ಡಾಲರ್ ಮುಂಗಡ, ಧ್ವನಿಮುದ್ರಣಕ್ಕೆ 1 ಲಕ್ಷ, ವಿಡಿಯೊಗಳಿಗೆ 1 ಲಕ್ಷ ಖರ್ಚಾಗಿದೆ. ವಿಡಿಯೊ ಖರ್ಚಿನ ಅರ್ಧ ಭಾಗವನ್ನು ಕಲಾವಿದರ ಖಾತೆಗೆ ಹಾಕಬಹುದೆಂದು ಬರೆದಿದೆ. ರಾಯಲ್ಟಿ ಶೇ 20. ಅಂದರೆ ಕಲಾವಿದರ ಖಾತೆಯಲ್ಲಿ 3.5 ಲಕ್ಷ ಡಾಲರ್ ಬಾಕಿ ನಿಂತಿದೆ. ಸ್ಟ್ರೀಮಿಂಗ್‌ನಿಂದ ಲೇಬಲ್‌ಗೆ 10 ಲಕ್ಷ ಡಾಲರ್ ಬಂತೆನ್ನಿ. ಕಲಾವಿದರ ಪಾಲು 2 ಲಕ್ಷ, ಆದರೆ ಅದು ಕೈಗೆ ಬರುವುದಿಲ್ಲ, ಬಾಕಿಗೆ ಜಮೆಯಾಗುತ್ತದೆ. ಇನ್ನೂ 1.5 ಲಕ್ಷ ಉಳಿಯಿತು. ಇತ್ತ ಲೇಬಲ್ ಒಟ್ಟು 4 ಲಕ್ಷ ಹೂಡಿ 10 ಲಕ್ಷ ಪಡೆದಿದೆ, ಮಾರ್ಕೆಟಿಂಗ್ ಮತ್ತು ಕಚೇರಿ ಖರ್ಚನ್ನು ಕಳೆಯುವ ಮೊದಲು 6 ಲಕ್ಷ ಮಿಕ್ಕಿದೆ. ಲೇಬಲ್‌ಗೆ 17.5 ಲಕ್ಷ ಬಂದ ಮೇಲಷ್ಟೇ ಕಲಾವಿದರ ಖಾತೆ ಸೊನ್ನೆಗೆ ಬರುತ್ತದೆ. ಅದಾದ ಮೇಲೂ ಆ ಶೇ 20ರಲ್ಲಿ ಮೂರೋ ನಾಲ್ಕೋ ಪಾಯಿಂಟ್ ಸಾಮಾನ್ಯವಾಗಿ ಬೀಟ್ ಮಾಡಿದ ಪ್ರೊಡ್ಯೂಸರ್‌ಗೆ ಹೋಗುತ್ತದೆ.

ಈ ಲೆಕ್ಕದಲ್ಲಿ ಮೋಸವಿಲ್ಲ. ಆಲ್ಬಂ ಸೋತರೆ ಕಲಾವಿದರು ಮುಂಗಡವನ್ನು ಕೈಯಿಂದ ತುಂಬಿಕೊಡಬೇಕಾಗಿಲ್ಲ, ನಷ್ಟವೆಲ್ಲ ಲೇಬಲ್‌ನದು, ಮತ್ತು ಬಿಡುಗಡೆಯಾದ ಆಲ್ಬಂಗಳಲ್ಲಿ ಹೆಚ್ಚಿನವು ಬಾಕಿ ತೀರಿಸುವುದಿಲ್ಲ. ಆದರೆ ಹಾಡು ಎಲ್ಲೆಡೆ ಕೇಳಿಬರುತ್ತಿರುವಾಗ ತನ್ನ ಪಟ್ಟಿಯಲ್ಲಿ ಮೈನಸ್ ಚಿಹ್ನೆ ಕಂಡ ಇಪ್ಪತ್ತೆರಡರ ಯುವಕ ಅದನ್ನು ಮೋಸವೆಂದೇ ಭಾವಿಸುತ್ತಾನೆ. ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿದ ಎಕ್ಸಿಕ್ಯುಟಿವ್‌ಗೆ ಎರಡು ವರ್ಷದ ನಂತರ ಬರುವ ಫೋನ್ ಕರೆಯೇ ಬೇರೆ ಬಗೆಯದಾಗಿರುತ್ತದೆ. ಹಾಗೆಯೇ ಒಂದು ಆಲ್ಬಂನ ಬಾಕಿಯನ್ನು ಮುಂದಿನ ಆಲ್ಬಂನ ಗಳಿಕೆಯಿಂದ ಕಡಿತ ಮಾಡುವ ಕ್ರಾಸ್-ಕೊಲ್ಯಾಟರಲೈಸೇಷನ್ ಷರತ್ತು, ಪ್ರವಾಸ ಹಾಗೂ ಟಿ-ಶರ್ಟ್ ಮಾರಾಟದಲ್ಲೂ ಪಾಲು ಕೇಳುವ 360 ಒಪ್ಪಂದ, ಇವೆರಡನ್ನೂ ವಕೀಲರ ನೆರವಿಲ್ಲದೆ ಸರಳ ಮಾತಿನಲ್ಲಿ ವಿವರಿಸುವಷ್ಟು ಅಭ್ಯಾಸ ಮಾಡಿಕೊಳ್ಳಿ. ಲೇಬಲ್ ಏನನ್ನೂ ಮಾಡದ ಕ್ಷೇತ್ರದಲ್ಲಿ ಪಾಲು ಕೇಳುವುದು ನನಗೆ ಸರಿಕಾಣುವುದಿಲ್ಲ. ಕೇಳಲೇಬೇಕಾದ ಪರಿಸ್ಥಿತಿಯಿದ್ದರೆ, ಅದಕ್ಕೆ ಪ್ರತಿಯಾಗಿ ಏನು ಮಾಡುತ್ತೇವೆಂಬುದನ್ನೂ ಒಪ್ಪಂದದಲ್ಲೇ ಬರೆಸಿ.

ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಯಾರದು ಎಂಬುದು ಇದಕ್ಕೂ ದೊಡ್ಡ ಪ್ರಶ್ನೆ. ನ್ಯೂ ಆರ್ಲಿಯನ್ಸ್‌ನ ಕ್ಯಾಶ್ ಮನಿ ಲೇಬಲ್ 1998ರಲ್ಲಿ ಯೂನಿವರ್ಸಲ್ ಜೊತೆ ಮಾಡಿಕೊಂಡ, 3 ಕೋಟಿ ಡಾಲರ್ ಮೌಲ್ಯದ್ದೆಂದು ವರದಿಯಾದ ವಿತರಣಾ ಒಪ್ಪಂದವನ್ನು ಈ ವೃತ್ತಿಯವರು ಇಂದಿಗೂ ಮಾದರಿಯಾಗಿ ಓದುತ್ತಾರೆ. ಊರೂರು ಸುತ್ತಿ ತಾವೇ ಮಾರುಕಟ್ಟೆ ಕಟ್ಟಿಕೊಂಡಿದ್ದ ಅದರ ಒಡೆಯರಾದ ವಿಲಿಯಮ್ಸ್ ಸಹೋದರರು ಮಾಸ್ಟರ್‌ಗಳ ಒಡೆತನವನ್ನು ಬಿಟ್ಟುಕೊಡದೆ ಗಳಿಕೆಯ ಸಿಂಹಪಾಲು ಪಡೆದರು. ರ‍್ಯಾಪ್ ಕೊಯಲಿಷನ್ ಎಂಬ ಕಲಾವಿದರ ಪರ ಸಂಸ್ಥೆಯನ್ನು ಸ್ಥಾಪಿಸಿದ ವೆಂಡಿ ಡೇ ಆ ಮಾತುಕತೆಯಲ್ಲಿ ನೆರವಾಗಿದ್ದರು. ಮೊದಲೇ ಮಾರಾಟವಿದ್ದವರಿಗೆ ವಿತರಕ ಬೇಕು, ಯಜಮಾನ ಬೇಡ ಎಂಬುದು ಅಲ್ಲಿಂದ ಕಲಿಯಬೇಕಾದ ಪಾಠ. ಆದರೆ ಕಥೆಯ ಉತ್ತರಾರ್ಧವನ್ನೂ ಓದಬೇಕು: ಅದೇ ಕ್ಯಾಶ್ ಮನಿಯ ಮೇಲೆ ಅದರ ಅತಿ ದೊಡ್ಡ ಕಲಾವಿದ ಲಿಲ್ ವೇನ್ 2015ರಲ್ಲಿ 5.1 ಕೋಟಿ ಡಾಲರ್‌ಗೆ ಮೊಕದ್ದಮೆ ಹೂಡಿದರು, ರಾಜಿಯಾಗುವ ಹೊತ್ತಿಗೆ 2018 ಬಂದಿತ್ತು. ಮೇಲಿನವರಿಂದ ಗೆದ್ದುಕೊಂಡ ಷರತ್ತನ್ನು ಕೆಳಗಿನವರಿಗೆ ಎಷ್ಟು ದಾಟಿಸುತ್ತೀರಿ ಎಂಬುದನ್ನು ಎಲ್ಲರೂ ನೋಡುತ್ತಿರುತ್ತಾರೆ.

ಸ್ಟುಡಿಯೊದಿಂದ ಹೊರಡುವ ಮುನ್ನ

ಹಿಪ್ ಹಾಪ್‌ಗೆ ವಿಶಿಷ್ಟವಾದ ತೊಡಕುಗಳು ಹುಟ್ಟುವುದು ಹಾಡು ತಯಾರಾಗುವ ರಾತ್ರಿಯಲ್ಲಿ. ಬೀಟ್ ಮಾಡಿದವರು ಇಬ್ಬರು, ಹುಕ್ (ಪಲ್ಲವಿ) ಬರೆದವರು ಒಬ್ಬರು, ಅತಿಥಿ ಪದ್ಯ ಹಾಡಿ ಹೋದವರು ಇನ್ನೊಬ್ಬರು. ಅರ್ಧ ಬೀಟ್‌ಗೆ, ಅರ್ಧ ಸಾಹಿತ್ಯಕ್ಕೆ ಎಂಬ ರೂಢಿಯ ಹಂಚಿಕೆ ಇದೆಯಾದರೂ ಅದು ಕಾನೂನಲ್ಲ. ಎಲ್ಲರೂ ಖುಷಿಯಲ್ಲಿರುವಾಗಲೇ ಸ್ಪ್ಲಿಟ್ ಶೀಟ್ ತೆಗೆದು, ಪ್ರತಿಯೊಬ್ಬರ ಅಧಿಕೃತ ಹೆಸರು, ಪ್ರಕಾಶಕರು, ಹಕ್ಕು ಸಂಗ್ರಹ ಸಂಸ್ಥೆ ಮತ್ತು ಶೇಕಡಾವಾರು ಪಾಲನ್ನು ಬರೆಸಿ ಸಹಿ ಪಡೆಯಿರಿ. ಹಾಡು ಚಾರ್ಟ್ ಹತ್ತಿದ ಮೇಲೆ ಅದೇ ಹಾಳೆಗೆ ಸಹಿ ಕೇಳಿದರೆ ಶೇಕಡಾವಾರುಗಳ ಮೊತ್ತ ನೂರನ್ನು ದಾಟಿರುತ್ತದೆ. ಅಮೆರಿಕದಲ್ಲಿ ಸಿ.ಡಿ. ಮತ್ತು ಡೌನ್‌ಲೋಡ್‌ಗಳ ಮೆಕ್ಯಾನಿಕಲ್ ದರ, ಅಂದರೆ ಒಂದೊಂದು ಪ್ರತಿಗೆ ಹಾಡಿನ ರಚನಕಾರರಿಗೆ ಸಲ್ಲುವ ಮೊತ್ತ, 2006ರಿಂದ 9.1 ಸೆಂಟ್‌ನಲ್ಲೇ ನಿಂತಿದ್ದು, 2023ರಲ್ಲಿ 12 ಸೆಂಟ್‌ಗೆ ಏರಿತು. ಆದರೆ ಕಂಟ್ರೋಲ್ಡ್ ಕಾಂಪೊಸಿಷನ್ ಷರತ್ತಿನ ಮೂಲಕ ಲೇಬಲ್‌ಗಳು ತಮ್ಮ ಕಲಾವಿದರಿಗೆ ಅವರೇ ಬರೆದ ಹಾಡುಗಳಿಗೆ ಇದರ ಮುಕ್ಕಾಲು ಭಾಗವನ್ನಷ್ಟೇ ಕೊಡುವ ಪದ್ಧತಿ ಹಳೆಯದು. ನಿಮ್ಮ ಒಪ್ಪಂದದಲ್ಲಿ ಅದಿದೆಯೇ ಎಂಬುದು ನಿಮಗೆ ಬಾಯಿಪಾಠವಾಗಿರಬೇಕು.

ಹಳೆಯ ಹಾಡಿನ ತುಣುಕನ್ನು ಸ್ಯಾಂಪಲ್ ಆಗಿ ಬಳಸಿದ್ದರೆ ಎರಡು ಅನುಮತಿ ಬೇಕು: ಧ್ವನಿಮುದ್ರಣದ ಒಡೆಯರದೊಂದು, ರಚನೆಯ ಒಡೆಯರದೊಂದು. ರ‍್ಯಾಪರ್ ಬಿಜ್ ಮಾರ್ಕಿ ಅವರ ಹಾಡಿನ ವಿರುದ್ಧ 1991ರಲ್ಲಿ ಬಂದ ಗ್ರ್ಯಾಂಡ್ ಅಪ್‌ರೈಟ್ ತೀರ್ಪಿನ ನಂತರ, ಬಿಡುಗಡೆ ಮಾಡಿ ಆಮೇಲೆ ನೋಡೋಣ ಎನ್ನುವ ಕಾಲ ಮುಗಿಯಿತು. ಎಷ್ಟು ಚಿಕ್ಕ ತುಣುಕಿಗೆ ಅನುಮತಿ ಬೇಕೆಂಬ ಬಗ್ಗೆ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು 2005 ಮತ್ತು 2016ರಲ್ಲಿ ಪರಸ್ಪರ ವಿರುದ್ಧ ತೀರ್ಪು ಕೊಟ್ಟಿರುವುದರಿಂದ, ಚಿಕ್ಕದಾದ್ದರಿಂದ ಚಿಂತೆಯಿಲ್ಲ ಎನ್ನುವ ಪ್ರೊಡ್ಯೂಸರ್‌ನ ಭರವಸೆಯನ್ನು ನೆಚ್ಚಬೇಡಿ. ಧ್ವನಿಮುದ್ರಣದ ಅನುಮತಿ ಸಿಗದಿದ್ದರೆ ಆ ಸ್ವರಪಂಕ್ತಿಯನ್ನು ಹೊಸದಾಗಿ ನುಡಿಸಿ ಮುದ್ರಿಸಬಹುದು, ಆಗ ರಚನೆಯ ಅನುಮತಿಯೊಂದೇ ಸಾಕು. ಅನುಮತಿ ಪತ್ರದ ಪದಗಳ ಮೇಲೂ ಕಣ್ಣಿರಲಿ. 1989ರಲ್ಲಿ ಮೊದಲ ಆಲ್ಬಂ ತಂದ ಡಿ ಲಾ ಸೋಲ್ ತಂಡದ ಹಳೆಯ ಹಾಡುಗಳು ಸ್ಟ್ರೀಮಿಂಗ್‌ಗೆ ಬರಲು 2023ರವರೆಗೆ ಕಾಯಬೇಕಾಯಿತು. ಹಳೆಯ ಅನುಮತಿಗಳು ಮುಂದೆ ಬರಲಿದ್ದ ಡಿಜಿಟಲ್ ರೂಪಗಳನ್ನು ಒಳಗೊಂಡಿರದೆ ಹೋದದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಯಾರನ್ನು ಸೇರಿಸಿಕೊಳ್ಳಬೇಕು

ಕಿವಿಯ ಜೊತೆ ಅಂಕಿಅಂಶ ಬೇಕು ಎಂಬ ಮಾತು ಹೊಸದಲ್ಲ. 1991ರಲ್ಲಿ ಬಿಲ್‌ಬೋರ್ಡ್ ಪಟ್ಟಿ ಅಂಗಡಿಯವರ ಬಾಯಿಮಾತನ್ನು ಬಿಟ್ಟು ಸೌಂಡ್‌ಸ್ಕ್ಯಾನ್‌ನ ಬಾರ್‌ಕೋಡ್ ಲೆಕ್ಕವನ್ನು ಅವಲಂಬಿಸಿದ ಕೂಡಲೇ ರ‍್ಯಾಪ್‌ನ ನಿಜವಾದ ಮಾರಾಟ ಬೆಳಕಿಗೆ ಬಂತು, ಕೆಲವೇ ವಾರಗಳಲ್ಲಿ ಎನ್.ಡಬ್ಲ್ಯು.ಎ. ತಂಡದ ಆಲ್ಬಂ ಮೊದಲ ಸ್ಥಾನಕ್ಕೇರಿತು. ಇಂದು ಮಾಸಿಕ ಕೇಳುಗರ ಸಂಖ್ಯೆಯನ್ನು ನೋಡಿ ಮರುಳಾಗುವವರೇ ಹೆಚ್ಚು. ಪ್ಲೇಲಿಸ್ಟ್ ಒಂದರಲ್ಲಿ ಹಾಡು ಸೇರಿದ್ದರೆ ಆ ಸಂಖ್ಯೆ ಏರುತ್ತದೆ, ತೆಗೆದುಹಾಕಿದರೆ ಇಳಿಯುತ್ತದೆ. ಕೇಳುಗರು ಹೆಸರು ಹುಡುಕಿಕೊಂಡು ಬರುತ್ತಿದ್ದಾರೆಯೇ, ಹಾಡನ್ನು ಉಳಿಸಿಟ್ಟುಕೊಳ್ಳುತ್ತಿದ್ದಾರೆಯೇ, ಒಂದು ನಗರದಲ್ಲಾದರೂ ಸಾಂದ್ರವಾದ ಗುಂಪಿದೆಯೇ, ಆ ನಗರದಲ್ಲಿ ಟಿಕೆಟ್ ಕೊಂಡು ಬರುತ್ತಾರೆಯೇ ಎಂಬುದನ್ನು ನೋಡಿ. ಕಾರ್ಯಕ್ರಮಕ್ಕೆ ನೀವೇ ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲಿ. ಮುಂದಿನ ಸಾಲಿನಲ್ಲಿ ಹೇಗೂ ಗೆಳೆಯರಿರುತ್ತಾರೆ.

ಹಣದಲ್ಲಿ ಪೈಪೋಟಿ ಮಾಡಲಾಗದಿದ್ದರೆ ಷರತ್ತಿನಲ್ಲಿ ಮಾಡಬಹುದು. ವೂ-ಟ್ಯಾಂಗ್ ಕ್ಲ್ಯಾನ್ ತಂಡವನ್ನು ಸೇರಿಸಿಕೊಳ್ಳುವಾಗ ಸ್ಟೀವ್ ರಿಫ್ಕಿಂಡ್ ಅವರ ಲೌಡ್ ರೆಕಾರ್ಡ್ಸ್ ಪ್ರತಿ ಸದಸ್ಯನೂ ತನಗಿಷ್ಟವಾದ ಬೇರೆ ಲೇಬಲ್‌ನಲ್ಲಿ ಏಕವ್ಯಕ್ತಿ ಒಪ್ಪಂದ ಮಾಡಿಕೊಳ್ಳಬಹುದೆಂದು ಒಪ್ಪಿಕೊಂಡಿತು. ಬೇರೆ ಲೇಬಲ್‌ಗಳಿಗೆ ಹುಚ್ಚುತನವಾಗಿ ಕಂಡಿರಬಹುದಾದ ಆ ರಿಯಾಯಿತಿಯಿಂದ ಲೌಡ್‌ಗೆ ತಂಡ ದಕ್ಕಿತು, ಮುಂದೆ ಮೆಥಡ್ ಮ್ಯಾನ್ ಡೆಫ್ ಜಾಮ್‌ಗೆ, ಓಲ್ ಡರ್ಟಿ ಬಾಸ್ಟರ್ಡ್ ಎಲೆಕ್ಟ್ರಾಗೆ, ಜಿಜಾ ಗೆಫನ್‌ಗೆ ಹೋದಾಗ ಆ ಲೇಬಲ್‌ಗಳು ಮಾಡಿದ ಪ್ರಚಾರವೆಲ್ಲ ತಂಡದ ಹೆಸರಿಗೂ ಬಂತು.

ಪ್ರಚಾರದ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು. ಬಹಿರಂಗಪಡಿಸದೆ ಹಣ ಅಥವಾ ಉಡುಗೊರೆ ಕೊಟ್ಟು ರೇಡಿಯೊದಲ್ಲಿ ಹಾಡು ಹಾಕಿಸುವ ಪೇಯೋಲಾ 1960ರಿಂದಲೂ ಫೆಡರಲ್ ಅಪರಾಧ, ಮತ್ತು 2005ರಲ್ಲಿ ಸೋನಿ ಬಿಎಂಜಿ ಇದೇ ಕಾರಣಕ್ಕೆ ನ್ಯೂಯಾರ್ಕ್ ರಾಜ್ಯದೊಂದಿಗೆ 1 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಳ್ಳಬೇಕಾಯಿತು.

ನಿಮ್ಮದೇ ಒಪ್ಪಂದ

ಕಲಾವಿದರ ಒಪ್ಪಂದಗಳನ್ನು ಜಾಲಾಡುವವರು ತಮ್ಮ ಉದ್ಯೋಗಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕುವುದು ಈ ಉದ್ಯಮದ ವಿಚಿತ್ರಗಳಲ್ಲಿ ಒಂದು. ಲೇಬಲ್‌ಗಳು ವಿಲೀನವಾಗುತ್ತಿರುತ್ತವೆ, ಮಾರಾಟವಾಗುತ್ತಿರುತ್ತವೆ: 300 ಎಂಟರ್‌ಟೇನ್‌ಮೆಂಟ್ 2021ರಲ್ಲಿ ವಾರ್ನರ್ ಪಾಲಾಯಿತು, ಕ್ವಾಲಿಟಿ ಕಂಟ್ರೋಲ್ 2023ರಲ್ಲಿ ಕೊರಿಯಾ ಮೂಲದ ಹೈಬ್ ಸಮೂಹಕ್ಕೆ ಸೇರಿತು. ಅಂಥ ದಿನ ಪಾಲು ಇದ್ದವರಿಗೆ ಸಂಪತ್ತು, ಸಂಬಳ ಮಾತ್ರ ಇದ್ದವರಿಗೆ ಆತಂಕ. ಆದ್ದರಿಂದ ನೀವು ತಂದ ಕಲಾವಿದರ ಗಳಿಕೆಯಲ್ಲಿ ಓವರ್‌ರೈಡ್, ಅಂದರೆ ನಿಮಗೊಂದು ಶೇಕಡಾವಾರು ಪಾಲು, ಕೇಳಿ, ಮತ್ತು ನೀವು ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯುತ್ತದೆಯೇ ಎಂಬುದನ್ನು ಸ್ಪಷ್ಟವಾಗಿ ಬರೆಸಿ. ಹೆಸರು ಬಂದ ಮೇಲೆ ದೊಡ್ಡ ಲೇಬಲ್‌ನ ಹಣದಲ್ಲಿ ನಿಮ್ಮದೇ ಇಂಪ್ರಿಂಟ್ (ಉಪ-ಲೇಬಲ್) ಆರಂಭಿಸುವ ಅವಕಾಶ ಬರಬಹುದು. ಆಗ ಆಡಳಿತ ವೆಚ್ಚ ಯಾರ ಪಾಲಿನಿಂದ ಕಡಿತವಾಗುತ್ತದೆ ಎಂಬ ಒಂದು ಸಾಲು ಲಾಭ ಹಂಚಿಕೆಯ ಶೇಕಡಾವಾರಿಗಿಂತ ಹೆಚ್ಚು ಮುಖ್ಯವಾದೀತು.

ನಿಮ್ಮ ಬೆಲೆಯನ್ನು ಅಳೆಯುವ ಅತ್ಯಂತ ನಿಖರವಾದ ಸಾಲು ಮಾತ್ರ ನಿಮ್ಮ ಪತ್ರದಲ್ಲಿರದೆ ಕಲಾವಿದರ ಒಪ್ಪಂದದಲ್ಲಿರುತ್ತದೆ. ಕೀ ಮ್ಯಾನ್ ಷರತ್ತೆಂದು ಕರೆಯುವ ಅದರ ಪ್ರಕಾರ, ಹೆಸರಿಸಲಾದ ಎಕ್ಸಿಕ್ಯುಟಿವ್ ಲೇಬಲ್ ಬಿಟ್ಟರೆ ಕಲಾವಿದರಿಗೂ ಹೊರಹೋಗುವ ಹಕ್ಕು ಇರುತ್ತದೆ. ಲೇಬಲ್‌ಗಳು ಇದನ್ನು ಸುಲಭವಾಗಿ ಒಪ್ಪುವುದಿಲ್ಲ, ಹೊಸ ಕಲಾವಿದರ ವಕೀಲರು ಕೇಳಿದರೂ ಸಾಮಾನ್ಯವಾಗಿ ಹೊಡೆದುಹಾಕುತ್ತವೆ. ಒಬ್ಬ ಕಲಾವಿದೆಯ ವಕೀಲರು ಆ ಜಾಗದಲ್ಲಿ ನಿಮ್ಮ ಹೆಸರನ್ನು ಬರೆಯಲೇಬೇಕೆಂದು ಪಟ್ಟುಹಿಡಿದಿದ್ದಾರೆಂದು ತಿಳಿದುಬಂದರೆ, ನಿಮ್ಮ ಉದ್ಯೋಗಪತ್ರವನ್ನು ನವೀಕರಿಸುವ ಮಾತುಕತೆಗೆ ಕೂರಲು ಅದೇ ಸರಿಯಾದ ವಾರ. ಆ ಮಾತುಕತೆಗೆ ನಿಮ್ಮ ಸ್ವಂತ ವಕೀಲರನ್ನು ಕರೆದೊಯ್ಯಿರಿ, ಏಕೆಂದರೆ ಬಿಸಿನೆಸ್ ಅಫೇರ್ಸ್‌ನವರು ಎಷ್ಟೇ ಸ್ನೇಹಿತರಾಗಿದ್ದರೂ ಅಂದು ಅವರು ಕುಳಿತಿರುವುದು ಕಂಪನಿಯ ಪರವಾಗಿ.