ಗದ್ಯಭಾಗ ಹೇಳಿದ್ದೆಷ್ಟೋ ಅಷ್ಟೇ: ಸಿ-ಸ್ಯಾಟ್ ತಯಾರಿಯ ನನ್ನ ಅನುಭವ

ಕೇಂದ್ರ ಲೋಕಸೇವಾ ಆಯೋಗ ನಡೆಸುವ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯಾದ ಸಿ-ಸ್ಯಾಟ್‌ನಲ್ಲಿ 80 ಪ್ರಶ್ನೆಗಳಿಗೆ 200 ಅಂಕಗಳು, ಶೇ. 33ರಷ್ಟು ಬಂದರೆ ಸಾಕು, ಆದರೆ ಅಷ್ಟು ಬಾರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಗಳಿಸಿದ್ದರೂ ಮುಂದಿನ ಹಂತಕ್ಕೆ ಹೋಗುವಂತಿಲ್ಲ. ಲೆಕ್ಕದಲ್ಲಿ ಅಷ್ಟಕ್ಕಷ್ಟೇ ಆಗಿದ್ದ ನಾನು, ಒಂದು ಚಿಕ್ಕ ಬರಹವನ್ನು ಕೊಟ್ಟು ಅದರ ಮೇಲೆ ಕೇಳುವ ಗದ್ಯಭಾಗದ ಪ್ರಶ್ನೆಗಳನ್ನೇ ನೆಚ್ಚಿಕೊಂಡೆ. ಅವುಗಳಲ್ಲಿ ಕಠಿಣವಾದವು, ಬರಹದಿಂದ ತರ್ಕಬದ್ಧವಾಗಿ ಏನನ್ನು ತೀರ್ಮಾನಿಸಬಹುದು ಎಂದು ಕೇಳುವಂಥವು.

ಉತ್ತರಗಳು ಗದ್ಯಭಾಗವನ್ನಷ್ಟೇ ಆಧರಿಸಿರಬೇಕು ಎಂಬ ಸೂಚನೆ ಪ್ರಶ್ನೆಪತ್ರಿಕೆಯಲ್ಲೇ ಇರುತ್ತದೆ. ಇದನ್ನು ಪಾಲಿಸುವುದು ಓದಿಕೊಂಡವರಿಗೇ ಹೆಚ್ಚು ಕಷ್ಟ, ಏಕೆಂದರೆ ಮೊದಲ ಪತ್ರಿಕೆಗಾಗಿ ತಲೆಯಲ್ಲಿ ತುಂಬಿಕೊಂಡ ಪರಿಸರ, ಅರ್ಥಶಾಸ್ತ್ರ, ಸಂವಿಧಾನಗಳೆಲ್ಲ ಇಲ್ಲಿ ಕರೆಯದೆಯೇ ಬಂದು ಕೂರುತ್ತವೆ. ಆದ್ದರಿಂದ ನನಗೆ ಚೆನ್ನಾಗಿ ಗೊತ್ತಿರುವ ವಿಷಯಗಳ ಮೇಲೆಯೇ ಗದ್ಯಭಾಗಗಳನ್ನು ಬರೆದುಕೊಂಡು ಅಭ್ಯಾಸ ಮಾಡಿದೆ. ಮಲ್ಪೆಯವನಾದ ನನಗೆ ಮೀನುಗಾರಿಕೆಗಿಂತ ಒಳ್ಳೆಯ ವಿಷಯ ಬೇರೆ ಇರಲಿಲ್ಲ.

ಅಂಥದ್ದೊಂದು ಹೀಗಿತ್ತು: “ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಸಾಂಪ್ರದಾಯಿಕ ನಾಡದೋಣಿಗಳಿಗೆ ನಿಷೇಧ ಅನ್ವಯಿಸುವುದಿಲ್ಲ.” ಇದಕ್ಕೆ ನಾಲ್ಕು ಆಯ್ಕೆಗಳು. ನಿಷೇಧದಿಂದ ಮೀನಿನ ಸಂತತಿ ಹೆಚ್ಚಿದೆ. ನಾಡದೋಣಿಗಳಿಂದ ಮೀನಿನ ಸಂತತಿಗೆ ಯಾವ ಹಾನಿಯೂ ಇಲ್ಲ. ನಿಷೇಧವು ಎಲ್ಲ ಬಗೆಯ ಮೀನುಗಾರಿಕೆಯನ್ನು ಒಂದೇ ರೀತಿ ಕಾಣುವುದಿಲ್ಲ. ನಿಷೇಧ ತೆಗೆದರೆ ಮೀನು ಅಳಿಯುತ್ತದೆ. ಬಂದರಿನಲ್ಲಿ ಕೇಳಿದರೆ ಮೊದಲನೆಯದಕ್ಕೂ ಕೊನೆಯದಕ್ಕೂ ತಲೆಯಾಡಿಸುವವರು ಸಿಗುತ್ತಾರೆ. ಆದರೆ ನಿಷೇಧದ ಫಲಿತಾಂಶದ ಬಗ್ಗೆ ಗದ್ಯಭಾಗ ತುಟಿಪಿಟಕ್ಕೆನ್ನುವುದಿಲ್ಲ; ನಿಷೇಧಕ್ಕೆ ಮೊಟ್ಟೆಯಿಡುವುದೇ ಕಾರಣವೆಂದು ಕೂಡ ಅದು ಹೇಳಿಲ್ಲ, ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟಿದೆ ಅಷ್ಟೆ, ಕಾರಣದ ಕೊಂಡಿಯನ್ನು ಹಾಕಿದವರು ನಾವು. “ಯಾವ ಹಾನಿಯೂ ಇಲ್ಲ” ಎಂಬುದು ಬರಹಕ್ಕೆ ಹೊರಲಾಗದ ಭಾರ. ಉಳಿಯುವುದು ಮೂರನೆಯದು, ನೋಡಲು ತೀರ ಸಪ್ಪೆಯಾದ ಆಯ್ಕೆ. ಸಪ್ಪೆ ಉತ್ತರದ ಕಡೆಗೆ ನನಗೆ ಒಲವು ಬೆಳೆದದ್ದು ಹೀಗೆ. “ಎಲ್ಲ”, “ಮಾತ್ರ”, “ಎಂದಿಗೂ” ಎಂಬ ಪದಗಳಿರುವ ಆಯ್ಕೆಗಳನ್ನು, ಅಷ್ಟೇ ಬಲವಾದ ಮಾತು ಗದ್ಯಭಾಗದಲ್ಲೂ ಇದ್ದರೆ ಮಾತ್ರ ಒಪ್ಪುತ್ತಿದ್ದೆ.

ಬರಹದ ಹಿಂದಿರುವ ಪೂರ್ವಗ್ರಹಿಕೆ ಯಾವುದು ಎಂದು ಕೇಳುವ ಪ್ರಶ್ನೆಗಳನ್ನು ಇವುಗಳ ಜೊತೆ ಬೆರೆಸಬಾರದು. ತೀರ್ಮಾನವೆಂಬುದು ಹೇಳಿದ ಮಾತಿನಿಂದ ಹೊರಡುವಂಥದ್ದು. ಪೂರ್ವಗ್ರಹಿಕೆಯು ಲೇಖಕರು ಹೇಳದೆಯೇ ನಂಬಿಕೊಂಡಿರುವಂಥದ್ದು. ಇದಕ್ಕೆ ಆಯ್ಕೆಯನ್ನು ತಿರುಗಿಸಿ ಓದುವುದೇ ನನ್ನ ಪರೀಕ್ಷೆಯಾಗಿತ್ತು: “ಇದೆ” ಎಂಬಲ್ಲಿ “ಇಲ್ಲ” ಎಂದು ಇಟ್ಟಾಗ ಲೇಖಕರ ವಾದ ಕುಸಿದರೆ ಅದು ಪೂರ್ವಗ್ರಹಿಕೆ, ವಾದ ಕದಲದಿದ್ದರೆ ಅಲ್ಲ.

ಗದ್ಯಭಾಗಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ, ಇಂಗ್ಲಿಷಿನಲ್ಲಿ ಓದಿ ಮುಗಿಸಿದೊಡನೆ ಸಾರವನ್ನು ಮನಸ್ಸಿನಲ್ಲೇ ಕನ್ನಡದ ಒಂದು ವಾಕ್ಯಕ್ಕೆ ಇಳಿಸಿ, ಆಮೇಲೆ ಆಯ್ಕೆಗಳತ್ತ ಹೋಗುತ್ತಿದ್ದೆ. ಮಾದರಿ ಪರೀಕ್ಷೆಗಳಿಗಿಂತ ಆಯೋಗವೇ ಜಾಲತಾಣದಲ್ಲಿ ಹಾಕಿರುವ ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ಕೀ ಉತ್ತರಗಳು ನನಗೆ ಹೆಚ್ಚು ಉಪಯೋಗಕ್ಕೆ ಬಂದವು. ಅವುಗಳ ಪ್ರತಿ ಸರಿಯುತ್ತರದ ಪಕ್ಕದಲ್ಲಿ, ಅದಕ್ಕೆ ಆಧಾರವಾದ ವಾಕ್ಯ ಯಾವುದೆಂದು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುತ್ತಿದ್ದೆ.

ಪ್ರತಿ ಪ್ರಶ್ನೆಗೆ 2.5 ಅಂಕ, ತಪ್ಪು ಉತ್ತರಕ್ಕೆ ಅದರ ಮೂರನೇ ಒಂದು ಭಾಗ ಕಡಿತ. ಈ ಲೆಕ್ಕದಲ್ಲಿ ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಉಳಿದೆರಡರಲ್ಲಿ ಒಂದನ್ನು ಗುರುತಿಸುವುದು ಲಾಭದಾಯಕ. ಆಧಾರವಾಕ್ಯವೇ ಕಣ್ಣಿಗೆ ಬೀಳದ ಪ್ರಶ್ನೆಯನ್ನು ಮಾತ್ರ ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ.