ಹಳೆಯ ಪಿಕಪ್ಪಿಗೆ ದಪ್ಪ ಆಯಿಲ್ ಹಾಕಿ, ಮತ್ತೆ ತೆಗೆದದ್ದು

ಕೊಡಗಿನ ಸುಂಟಿಕೊಪ್ಪದ ಹತ್ತಿರವಿರುವ ನಮ್ಮ ತೋಟದ ಡೀಸೆಲ್ ಪಿಕಪ್ 2005ರದ್ದು. ಮೀಟರು ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಗೊಬ್ಬರವನ್ನು ತೋಟದೊಳಕ್ಕೆ ಒಯ್ಯುವುದು, ಕೊಯ್ದ ಹಣ್ಣನ್ನು ಕಣಕ್ಕೆ ತರುವುದು, ಆಗಾಗ ಕುಶಾಲನಗರಕ್ಕೆ ಮೂಟೆ ಸಾಗಿಸುವುದು ಅದರ ಕೆಲಸ. ಮೂರು ವರ್ಷದ ಹಿಂದೆ ಸಾವಿರ ಕಿಲೋಮೀಟರಿಗೆ ಸುಮಾರು ಅರ್ಧ ಲೀಟರ್ ಆಯಿಲ್ ಕಡಿಮೆಯಾಗತೊಡಗಿದಾಗ ಮೆಕ್ಯಾನಿಕ್, “ಇಂಜಿನ್ ಹಳೇದಾಯ್ತಲ್ಲ ಅಣ್ಣ, ದಪ್ಪದ ಆಯಿಲ್ ಹಾಕಿಬಿಡುವ, ಶಬ್ದವೂ ಕಡಿಮೆ ಆಗ್ತದೆ” ಎಂದರು. ಅದುವರೆಗೆ ಹಾಕುತ್ತಿದ್ದ 15ಡಬ್ಲ್ಯು-40ರ ಬದಲು 20ಡಬ್ಲ್ಯು-50 ಹಾಕಿಸಿದೆ. (‘ಡಬ್ಲ್ಯು’ ಜೊತೆಗಿನ ಅಂಕಿ ಚಳಿಯಲ್ಲಿನ ದಪ್ಪಕ್ಕೆ, ಕೊನೆಯದು ಇಂಜಿನ್ ಬಿಸಿಯಾದಾಗಿನ ದಪ್ಪಕ್ಕೆ; ಅಂಕಿ ಹೆಚ್ಚಿದಷ್ಟೂ ಆಯಿಲ್ ದಪ್ಪ.)

ಮಳೆಗಾಲವಿಡೀ ಅವರ ಮಾತೇ ಸರಿಯೆನಿಸಿತು, ಏಕೆಂದರೆ ಶಬ್ದ ನಿಜವಾಗಿಯೂ ಮೆತ್ತಗಾಗಿತ್ತು. ಹುತ್ತರಿ ಹಬ್ಬ ಕಳೆದು ಚಳಿ ಹಿಡಿದ ಮೇಲೆ ಬೆಳಗಿನ ಆರು ಗಂಟೆಗೆ ಕೀಲಿ ತಿರುಗಿಸಿದರೆ ಸ್ಟಾರ್ಟರ್ ನರಳುತ್ತಿತ್ತು. ಇಂಜಿನ್ ಹತ್ತಿಕೊಂಡ ನಂತರವೂ ಆಯಿಲ್ ಪ್ರೆಶರ್ ದೀಪ ನಾಲ್ಕೈದು ಸೆಕೆಂಡ್ ಆರುತ್ತಿರಲಿಲ್ಲ, ಅಷ್ಟು ಹೊತ್ತು ಇಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವ್ ತೆರೆಸುವ ಟ್ಯಾಪೆಟ್‌ಗಳು ಒಣಗಿದಂತೆ ಕಟಕಟ ಎನ್ನುತ್ತಿದ್ದವು. ಆಯಿಲ್ ಇಳಿಯುವುದಂತೂ ನಿಂತಿರಲಿಲ್ಲ.

ಆಗ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಬಿಚ್ಚಿದ ರಟ್ಟಿನ ಪೆಟ್ಟಿಗೆಯೊಂದನ್ನು ರಾತ್ರಿ ಇಂಜಿನ್ನಿನ ಅಡಿಯಲ್ಲಿ ಹಾಸಿಟ್ಟೆ. ಬೆಳಿಗ್ಗೆ ಎಡಗಡೆಗೆ ಒಂದೇ ಸಾಲಿನಲ್ಲಿ ಏಳು ಕಪ್ಪು ಕಲೆಗಳಿದ್ದವು. ಟಾರ್ಚ್ ಹಿಡಿದು ಮೇಲಕ್ಕೆ ನೋಡುತ್ತ ಹೋದರೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ (ಸಂದಿನಲ್ಲಿ ಸೋರದಂತೆ ಇಡುವ ಪಟ್ಟಿ) ಗಟ್ಟಿಯಾಗಿ ಬಿರಿದು, ಆಯಿಲ್ ಬ್ಲಾಕಿನ ಗೋಡೆಯ ಮೇಲೆ ಇಳಿದು ಧೂಳಿನೊಡನೆ ಮೆತ್ತಿಕೊಂಡಿತ್ತು. ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ಸಾವಿರ ಕಿಲೋಮೀಟರಿಗೆ ಕಡಿಮೆಯಾಗುವುದು ನೂರೈವತ್ತು ಮಿಲಿಲೀಟರಿನ ಆಸುಪಾಸಿಗೆ ಬಂತು. ಸವೆದ ಪಿಸ್ಟನ್ ರಿಂಗಿನ ದಾರಿಯಲ್ಲಿ ಉರಿದುಹೋಗುತ್ತಿದ್ದದ್ದು ಅಷ್ಟೇ. ಉಳಿದದ್ದೆಲ್ಲ ನೆಲಕ್ಕೆ ಸೋರುತ್ತಿತ್ತು.

ಖಾಲಿ ಡಬ್ಬಿಯನ್ನು ಓದಿದಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಅದರ ಮೇಲಿದ್ದ ಎಪಿಐ ದರ್ಜೆ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ದರ್ಜೆ, ‘ಎಸ್‌ಎಲ್’ ಮಾತ್ರ. ಈ ದರ್ಜೆಯಲ್ಲಿ ‘ಎಸ್’ನಿಂದ ಆರಂಭವಾಗುವವು ಪೆಟ್ರೋಲ್ ಇಂಜಿನ್ನಿನವು, ‘ಸಿ’ಯಿಂದ ಆರಂಭವಾಗುವವು ಡೀಸೆಲ್‌ನವು. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಗಡ್ಡೆ ಕಟ್ಟಲು ಬಿಡದೆ ಆಯಿಲ್‌ನಲ್ಲೇ ತೇಲಿಸಿ ಹಿಡಿದಿಡುವ ರಾಸಾಯನಿಕಗಳು ‘ಸಿ’ ದರ್ಜೆಯ ಆಯಿಲ್‌ನಲ್ಲಿ ಬೇಕಾದಷ್ಟು ಇರುತ್ತವೆ; ಹೊಸದಾಗಿ ಹಾಕಿದ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಕೆಟ್ಟಿದ್ದರ ಗುರುತಲ್ಲ, ಕೆಲಸ ಮಾಡುತ್ತಿರುವುದರ ಗುರುತು. ಅಂಗಡಿಯಲ್ಲಿ ನಾನು ದಪ್ಪವನ್ನಷ್ಟೇ ಕೇಳಿದ್ದೆ, ಅವರು ದಪ್ಪವನ್ನಷ್ಟೇ ಕೊಟ್ಟಿದ್ದರು.

ಗಾಡಿಯ ಕೈಪಿಡಿಯಲ್ಲಿದ್ದದ್ದು 15ಡಬ್ಲ್ಯು-40, ಸಿಎಫ್-4. ಆ ದರ್ಜೆ 1990ರ ಕಾಲದ್ದು. ಅದರ ನಂತರ ಬಂದ ಸಿಎಚ್-4, ಸಿಐ-4 ದರ್ಜೆಗಳನ್ನು ಅದರ ಜಾಗದಲ್ಲಿ ಬಳಸಬಹುದಾದ್ದರಿಂದ ನಾನು ಸಿಐ-4 ಪ್ಲಸ್ ಆರಿಸಿದೆ. ಇನ್ನೂ ಹೊಸದಾದ ಸಿಕೆ-4 ಹಾಕಿದರೂ ತೊಂದರೆಯಿಲ್ಲ. ಆದರೆ ಅದರಲ್ಲಿ ಆಯಿಲ್ ಉರಿದಾಗ ಉಳಿಯುವ ಬೂದಿಯ ಅಂಶವನ್ನು ಮಿತಿಗೊಳಿಸಿರುವುದು ಮುಖ್ಯವಾಗಿ ಹೊಗೆಕೊಳವೆಯಲ್ಲಿ ಮಸಿ ಸೋಸುವ ಫಿಲ್ಟರ್ ಇರುವ ಗಾಡಿಗಳ ಸಲುವಾಗಿ. ಇಲ್ಲದ ಫಿಲ್ಟರಿಗಾಗಿ ಹೆಚ್ಚು ಹಣ ಕೊಡುವುದು ನನಗೆ ಸರಿಕಾಣಲಿಲ್ಲ. ಇನ್ನು ‘15ಡಬ್ಲ್ಯು’ ಎಂಬುದನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಇಂಜಿನ್ ತಿರುಗುವುದೇ ಎಂದು ಪರೀಕ್ಷಿಸಿ ಕೊಡುತ್ತಾರೆ. ಕೊಡಗಿಗೆ ಅಂಥ ಚಳಿ ಬರುವುದಿಲ್ಲ ಎಂಬ ವಾದ ನಿಜವೇ. ಆದರೂ ಹತ್ತು ಹನ್ನೆರಡು ಡಿಗ್ರಿಯ ಬೆಳಗಿನಲ್ಲಿ ದೀಪ ಈಗ ಎರಡು ಸೆಕೆಂಡಿನೊಳಗೆ ಆರುತ್ತದೆ. ದಿನವೂ ಭರ್ತಿ ಹೇರಿಕೊಂಡು ಬೇಸಿಗೆಯಲ್ಲಿ ಸಂಪಾಜೆ ಘಾಟಿ ಹತ್ತಿಸುವ ಗಾಡಿಯಾಗಿದ್ದು, ಕೈಪಿಡಿಯೂ ಒಪ್ಪಿದ್ದರೆ, 20ಡಬ್ಲ್ಯು-50ರ ಡೀಸೆಲ್ ಆಯಿಲನ್ನೇ ನಾನೂ ಹಾಕಿಸುತ್ತಿದ್ದೆನೇನೋ.

ಹೊಸ ಆಯಿಲ್ ಒಳಗಿನ ಹಳೆಯ ಜಿಡ್ಡನ್ನು ಬಿಡಿಸೀತು ಎಂದು ಮೊದಲ ಬಾರಿ 2,000 ಕಿಲೋಮೀಟರಿಗೇ ಫಿಲ್ಟರ್ ಸಹಿತ ಬದಲಾಯಿಸಿದೆ. ಈಗ ಕಿಲೋಮೀಟರ್ ಎಷ್ಟೇ ಆಗಿರಲಿ, ಕೊಯ್ಲು ಮುಗಿದ ಮೇಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಬದಲಾಯಿಸುತ್ತೇನೆ, ಏಕೆಂದರೆ ಕಾರ್ಮಿಕರ ಲೈನ್ ಮನೆಯಿಂದ ಕಣಕ್ಕೆ, ಕಣದಿಂದ ಗೋಡೌನಿಗೆ ಫಸ್ಟ್ ಗೇರಿನಲ್ಲಿ ತೆವಳುವ ಗಾಡಿಯ ದುಡಿಮೆಯನ್ನು ಮೀಟರು ತೋರಿಸುವುದಿಲ್ಲ.

ಕಕ್ಕಡ ತಿಂಗಳ ಮಳೆಯಲ್ಲಿ ಒಮ್ಮೆ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅದರ ಒಳಬದಿಯಲ್ಲಿ ಮಜ್ಜಿಗೆಯ ನೊರೆಯಂಥ ಬಿಳಿ ಪದಾರ್ಥ ಕಂಡು ಎದೆ ಧಸಕ್ಕೆಂದಿತು. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಬೆರೆತರೂ ಹೀಗೆಯೇ ಕಾಣುತ್ತದೆ. ಒಂದು ವಾರ ರೇಡಿಯೇಟರಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ನೋಡಿದೆ, ಇಳಿಯಲಿಲ್ಲ. ಡಿಪ್‌ಸ್ಟಿಕ್ಕಿನಲ್ಲಿಯೂ ಆಯಿಲ್ ಕಪ್ಪಾಗಿಯೇ ಇತ್ತು. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸಿ ನಿಲ್ಲಿಸಿ, ಒಳಗಿನ ಹಬೆ ತಣ್ಣನೆಯ ಮುಚ್ಚಳದಲ್ಲಿ ನೀರಾಗಿ ಆಯಿಲಿನೊಂದಿಗೆ ಕಡೆದುಕೊಂಡಿತ್ತು. ಅಂದಿನಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಕೆಲಸವಿರಲಿ ಇಲ್ಲದಿರಲಿ, ಗಾಡಿಯನ್ನು ಮಡಿಕೇರಿಯವರೆಗೆ ಏರು ಹತ್ತಿಸಿ ತರುತ್ತೇನೆ. ಮನೆಯವರು ಇದನ್ನು ಕಾಫಿ ಕುಡಿಯಲು ಹೋಗುವ ನೆಪ ಎನ್ನುತ್ತಾರೆ. ಮುಚ್ಚಳ ಮಾತ್ರ ಮತ್ತೆ ಬೆಳ್ಳಗಾಗಿಲ್ಲ.